ಮಾಸ್ಟ್ ಎತ್ತುವ ಕೆಲಸ, ಹೆಡ್‌ಗೇರ್‌ನ ಲೆಕ್ಕ

ಆಂಟೆನಾ ತಿರುಗಿಸುವ ರೋಟೇಟರ್ ಕೆಟ್ಟರೆ, ಅದನ್ನು ಹೊರತೆಗೆಯಲು ಅದರ ಮೇಲೆ ಕೂತ ಮಾಸ್ಟನ್ನು ಮೊದಲು ಎತ್ತಬೇಕು. ಹವ್ಯಾಸಿ ರೇಡಿಯೊ ನಿಲಯದ ಟವರಿನಲ್ಲಿ ರೋಟೇಟರ್ ಸಾಮಾನ್ಯವಾಗಿ ತುದಿಗಿಂತ ಒಂದೆರಡು ಮೀಟರ್ ಕೆಳಗೆ, ಟವರಿನ ಒಳಗೇ ಒಂದು ತಟ್ಟೆಯ ಮೇಲಿರುತ್ತದೆ. ಅಲ್ಲಿಂದ ಹೊರಟ ಉಕ್ಕಿನ ಕೊಳವೆಯೇ ಮಾಸ್ಟ್; ಅದು ನೆತ್ತಿಯ ಬೇರಿಂಗಿನ ಮೂಲಕ ಹಾದು ಮೇಲೇಳುತ್ತದೆ, ಆಂಟೆನಾಗಳೆಲ್ಲ ಅದಕ್ಕೆ ಬಿಗಿದಿರುತ್ತವೆ. ಎತ್ತಬೇಕಾದದ್ದು ನಾಲ್ಕೈದು ಸೆಂಟಿಮೀಟರ್ ಮಾತ್ರ. ಕಷ್ಟವಿರುವುದು ಎತ್ತಿದ್ದನ್ನು ಹಿಡಿದು ನಿಲ್ಲಿಸುವುದರಲ್ಲಿ.

ಮೊದಲು ಭಾರದ ಲೆಕ್ಕ. ಎರಡು ಇಂಚಿನ ಬಿ ಕ್ಲಾಸ್ ಜಿಐ ಪೈಪು ಮೀಟರಿಗೆ ಸುಮಾರು 5 ಕೆಜಿ ತೂಗುತ್ತದೆ; 6 ಮೀಟರಿನದು 30 ಕೆಜಿ. ಆಂಟೆನಾ, ಕ್ಲಾಂಪು, ಕೇಬಲ್ ಸೇರಿದರೆ 60 ಕೆಜಿ ಆಗುವುದು ಕಷ್ಟವಲ್ಲ. ನೆಲದ ಮೇಲಾದರೆ ಇಬ್ಬರು ಸಲೀಸಾಗಿ ಹೊರುವ ಭಾರ ಇದು. ಟವರಿನ ಮೇಲೆ ಬೆಲ್ಟಿಗೆ ಜೋತುಬಿದ್ದವನಿಗೆ ಹತ್ತು ಕೆಜಿಯೂ ಹೆಚ್ಚೇ.

ನೆಲದಲ್ಲಿ ನಿಂತು ಹಗ್ಗ ಜಗ್ಗುವವರು ಮರೆಯುವ ಸಂಗತಿಯೊಂದಿದೆ. ಮೇಲೆ ಒಂದು ರಾಟೆ ಕಟ್ಟಿ 60 ಕೆಜಿ ಎಳೆದರೆ ರಾಟೆಯ ಕೊಂಡಿಯ ಮೇಲೆ ಬೀಳುವುದು 120 ಕೆಜಿ: ಹಗ್ಗದ ಒಂದು ಬದಿಯಲ್ಲಿ ಭಾರ, ಇನ್ನೊಂದು ಬದಿಯಲ್ಲಿ ಅಷ್ಟೇ ಎಳೆತ. ಈ ಲೆಕ್ಕವನ್ನು ಕೋಲಾರ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಕಣ್ಣಾರೆ ಕಾಣಬಹುದು. ಗಣಿ ಶಾಫ್ಟಿನ ಮೇಲೆ ನಿಂತ ಹೆಡ್‌ಗೇರ್‌ಗೆ ನೇರ ಕಾಲುಗಳಷ್ಟೇ ಅಲ್ಲ, ಹಗ್ಗ ಸುತ್ತುವ ಯಂತ್ರವಿರುವ ವೈಂಡರ್ ಮನೆಯ ಕಡೆಗೆ ಓರೆಯಾಗಿ ಚಾಚಿದ ಕಾಲುಗಳೂ ಇರುತ್ತವೆ. ಜನರನ್ನು ಇಳಿಸುವ ಕೇಜಿನ ಹಗ್ಗ ನೆತ್ತಿಯ ಚಕ್ರದ ಒಂದು ಬದಿಯಿಂದ ಶಾಫ್ಟಿಗೆ ಇಳಿದರೆ, ಇನ್ನೊಂದು ಬದಿಯಿಂದ ವೈಂಡರ್ ಕಡೆಗೆ ಓರೆಯಾಗಿ ಇಳಿಯುತ್ತದೆ. ಎರಡು ಎಳೆತಗಳು ಕೂಡಿ ಗೋಪುರವನ್ನು ಯಾವ ದಿಕ್ಕಿಗೆ ವಾಲಿಸುತ್ತವೋ ಆ ದಿಕ್ಕಿಗೇ ಆಸರೆ. ರೇಡಿಯೊ ಟವರಿಗೆ ಅಂಥ ಓರೆ ಕಾಲಿಲ್ಲ. ಹಗ್ಗವನ್ನು ದೂರ ನಿಂತು ಓರೆಯಾಗಿ ಎಳೆದರೆ ಟವರು ಎಳೆದವರ ಕಡೆಗೇ ಬಾಗುತ್ತದೆ. ಅದಕ್ಕೇ ಟವರಿನ ಬುಡದಲ್ಲಿ ಇನ್ನೊಂದು ರಾಟೆ ಕಟ್ಟಿ, ಹಗ್ಗ ನೇರವಾಗಿ ಕೆಳಗಿಳಿದು ಅಲ್ಲಿಂದ ಅಡ್ಡಕ್ಕೆ ತಿರುಗುವಂತೆ ಮಾಡಬೇಕು.

ಕೆಜಿಎಫ್‌ನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರ ದಶಕದಲ್ಲಿ ಆರಂಭಿಸಿದ ಗಣಿಗಾರಿಕೆ 2001ರ ಫೆಬ್ರುವರಿ 28ರಂದು ನಿಂತಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಅಷ್ಟರಲ್ಲಿ 3 ಕಿ.ಮೀ. ಆಳ ದಾಟಿತ್ತು. ಅಷ್ಟು ಆಳಕ್ಕೆ ಜನರನ್ನು ಇಳಿಸುವಾಗ ನಂಬಿಕೆಯೆಲ್ಲ ಹಗ್ಗದ ಮೇಲೆ. ಆರು ತಿಂಗಳಿಗೊಮ್ಮೆ ಹಗ್ಗದ ತುದಿ ಕತ್ತರಿಸಿ ಹೊಸದಾಗಿ ಕೊಂಡಿ ಕಟ್ಟಬೇಕೆಂದು ಗಣಿ ನಿಯಮ ಹೇಳುವುದು ಅದಕ್ಕೇ. ಕೇಜಿನಿಂದ ಹಗ್ಗ ಬಿಚ್ಚುವ ಮುನ್ನ ಶಾಫ್ಟಿನ ಬಾಯಿಗೆ ಅಡ್ಡ ತೊಲೆ ಹಾಕಿ ಕೇಜನ್ನು ಅದರ ಮೇಲೆ ಕೂರಿಸುವುದು ಗಣಿಗಳ ವಾಡಿಕೆ. ಎತ್ತುವ ಸಾಧನವೇ ಹಿಡಿದು ನಿಲ್ಲಿಸುವ ಸಾಧನವೂ ಆಗಬಾರದು ಎಂಬ ಈ ಕ್ರಮ ಮಾಸ್ಟಿಗೂ ಹಾಗೇ ಸಲ್ಲುತ್ತದೆ.

ಮಾಸ್ಟಿನಲ್ಲಿ ಅಡ್ಡ ತೊಲೆಯ ಕೆಲಸ ಮಾಡುವುದು ಬೇರಿಂಗಿನ ಮೇಲೆ ಬಿಗಿಯುವ ಗಟ್ಟಿ ಕ್ಲಾಂಪು. ಒಂದು ಸಾಲದು, ಒಂದರ ಮೇಲೊಂದು ಎರಡು ಬೇಕು. ರೋಟೇಟರಿನ ಯು ಬೋಲ್ಟು ಸಡಿಲಿಸುವ ಮುನ್ನವೇ ಇವು ಬಿಗಿಯಾಗಿರಬೇಕು. ಎತ್ತಲು ಎರಡು ದಾರಿ. ಬೇರಿಂಗ್ ಕೂತ ನೆತ್ತಿಯ ತಟ್ಟೆಗೆ ಚಿಕ್ಕ ಚೈನ್ ಬ್ಲಾಕ್ ನೇತುಹಾಕಿ ಮಾಸ್ಟಿನ ಬುಡಕ್ಕೆ ಬಿಗಿದ ಇನ್ನೊಂದು ಕ್ಲಾಂಪನ್ನು ಎಳೆಯುವುದು ಒಂದು; ಕೈ ಬಿಟ್ಟರೂ ಚೈನ್ ಬ್ಲಾಕ್ ಭಾರವನ್ನು ಜಾರಗೊಡುವುದಿಲ್ಲ, ಆದ್ದರಿಂದ ಇದೇ ಮೇಲು. ಇನ್ನೊಂದು ಕಾರಿನ ಜಾಕಿ. ಜಾಕಿಯನ್ನು ಟವರಿನ ತೆಳ್ಳನೆಯ ಅಡ್ಡಪಟ್ಟಿಗಳ ಮೇಲಿಟ್ಟರೆ ಪಟ್ಟಿ ಬಾಗುತ್ತದೆ. ಟವರಿನ ಕಾಲುಗಳಿಗೇ ಬಿಗಿದ ಚಾನೆಲ್ ಮೇಲಿಡಬೇಕು. ಎರಡರಲ್ಲಿ ಯಾವುದಾದರೂ, ಬೆರಳಗಲ ಎತ್ತುವುದು, ಬೇರಿಂಗಿನ ಮೇಲಿನ ಎರಡೂ ಕ್ಲಾಂಪುಗಳನ್ನು ಒಂದೊಂದಾಗಿ ಕೆಳಗಿಳಿಸಿ ಬಿಗಿಯುವುದು, ಮತ್ತೆ ಬೆರಳಗಲ ಎತ್ತುವುದು. ರೋಟೇಟರ್ ಪಕ್ಕಕ್ಕೆ ಜಾರುವಷ್ಟು ಜಾಗವಾದರೆ ಸಾಕು. ಅದನ್ನು ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಬೇಕು, ಕಂಕುಳಲ್ಲಿಟ್ಟುಕೊಂಡು ಇಳಿಯುವುದು ಸಲ್ಲದು.

ರೋಟೇಟರ್ ಹೊರಬಂದ ಮೇಲೆ ಮಾಸ್ಟಿನ ಬುಡಕ್ಕೆ ಹಿಡಿತವಿರುವುದಿಲ್ಲ, ಗಾಳಿ ಕಾಡುವುದು ಆಗಲೇ. ಗಂಟೆಗೆ 36 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 6 ಕೆಜಿ ಒತ್ತುತ್ತದೆ. ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಪಟ್ಟು. ಅರ್ಧ ಚದರ ಮೀಟರಿನ ಆಂಟೆನಾ ಬೇರಿಂಗಿಗಿಂತ 3 ಮೀಟರ್ ಮೇಲಿದ್ದು, ಮಾಸ್ಟಿನ ಬುಡ ಒಂದೂವರೆ ಮೀಟರ್ ಕೆಳಗಿದ್ದರೆ, 72 ಕಿ.ಮೀ. ಗಾಳಿಯಲ್ಲಿ ಬುಡವನ್ನು ಪಕ್ಕಕ್ಕೆ ತಳ್ಳುವ ಬಲ 24 ಕೆಜಿಯ ಆಸುಪಾಸು. ಆದ್ದರಿಂದ ಬುಡವನ್ನು ಟವರಿನ ಎಲ್ಲ ಕಾಲುಗಳಿಗೆ ಕಟ್ಟಿ, ತಿರುಗದಂತೆಯೂ ಬಿಗಿಯಬೇಕು. ಕೆಜಿಎಫ್‌ನ ಚಿನ್ನ ತೆಗೆದ ಅದಿರಿನ ಪುಡಿಯ ರಾಶಿಗಳಾದ ಸೈನೈಡ್ ದಿಬ್ಬಗಳಿಂದ ಧೂಳೇಳುವ ಆಷಾಢದ ಗಾಳಿಯ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಜಾಣತನ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನಗಳೂ ಸಿಡಿಲಿನ ಕಾರಣಕ್ಕೆ ಬೇಡ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯಂಥ ಕಡೆ ಮನೆಗಳು ಒತ್ತಾಗಿರುವ ಬೀದಿಗಳಲ್ಲಿ ವಿದ್ಯುತ್ ತಂತಿ ಹತ್ತಿರವಿದ್ದರೆ, ವಿದ್ಯುತ್ ಕಂಪನಿ ಬೆಸ್ಕಾಂನವರಿಂದ ಲೈನ್ ಆಫ್ ಮಾಡಿಸದೆ ಯಾರೂ ಹತ್ತಬಾರದು.

ಮೇಲೆ ಹತ್ತಿದವರು, ಕೆಳಗೆ ನಿಂತವರು ಎಲ್ಲರಿಗೂ ಆಜ್ಞೆ ಕೊಡುವ ದನಿ ಒಂದೇ ಇರಬೇಕು. ‘ನಿಲ್ಲಿಸು’ ಎಂಬ ಮಾತನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು.

ರಿಪೇರಿಯಾದ ರೋಟೇಟರನ್ನು ಕೂರಿಸುವಾಗ ಅದರ ನಡುಬಿಂದು ಬೇರಿಂಗಿನ ನೇರಕ್ಕಿರಬೇಕು. ಓರೆಯಾದರೆ ಮಾಸ್ಟ್ ಬಿಗಿದುಕೊಂಡು ಮೋಟಾರ್ ಮತ್ತೆ ಸುಡುತ್ತದೆ. ದಿಕ್ಕು ಹೊಂದಿಸಲು ಉಕ್ಕಿನ ಟವರಿನ ಪಕ್ಕ ದಿಕ್ಸೂಚಿಯನ್ನು ನಂಬುವಂತಿಲ್ಲ. ಕೆಜಿಎಫ್ ಸುತ್ತಮುತ್ತ ರಾತ್ರಿ ಉತ್ತರಕ್ಕೆ, ಕ್ಷಿತಿಜದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿ ಕಾಣುವ ಧ್ರುವ ನಕ್ಷತ್ರವೇ ಇದಕ್ಕೆ ವಾಸಿ. ಬೋಲ್ಟುಗಳನ್ನು ಪೂರ್ತಿ ಬಿಗಿಯುವ ಮೊದಲು ಆಂಟೆನಾವನ್ನು ಒಂದು ಪೂರ್ಣ ಸುತ್ತು ತಿರುಗಿಸಿ, ಕೇಬಲ್ ಎಲ್ಲಿಯೂ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಚೈನ್ ಬ್ಲಾಕ್ ಇಳಿಸುವುದು ಆಮೇಲೆ.