ಮಕ್ಕಳ ಶಿಬಿರಕ್ಕೆ ಒಂದು ಪುಟದ ನಿಯಮ

ಏಪ್ರಿಲ್ ಬಂತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ಮಕ್ಕಳ ಶಿಬಿರದ ಸಡಗರ. ಕೊಚ್ಚಿಯಾಗಲಿ, ತಿರುವನಂತಪುರವಾಗಲಿ, ಶಾಲೆಯಲ್ಲಿ ಮಲಯಾಳ, ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಕನ್ನಡ ಅಕ್ಷರ ತಿದ್ದುವುದು, ಕೋಲಾಟ ಕಲಿಯುವುದು, ರಾಜ್ಯೋತ್ಸವದ ನಾಟಕಕ್ಕೆ ಬಣ್ಣ ಹಚ್ಚುವುದು ಎಲ್ಲ ಸಂಘದ ಆಶ್ರಯದಲ್ಲೇ. ಕಲಿಸುವವರು ಸಂಬಳಕ್ಕೆ ಬಂದವರಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಓಡಿ ಬರುವವರು, ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಬಿಡುವು ಮಾಡಿಕೊಳ್ಳುವವರು, ನಿವೃತ್ತರು, ಗೃಹಿಣಿಯರು, ಕಾಲೇಜು ಹುಡುಗರು. ಮಕ್ಕಳಿಗೆ ಇವರೆಲ್ಲ ಮಾಮ, ಅಣ್ಣ, ಅಕ್ಕ. ಇವರಿಲ್ಲದೆ ಸಂಘವಿಲ್ಲ.

ಆದ್ದರಿಂದಲೇ ನಾನು ಬರೆಯಹೊರಟ ವಿಷಯ ಕೆಲವರಿಗೆ ಕಹಿ ಎನಿಸಬಹುದು. ಇಂಥ ಸ್ವಯಂಸೇವಕರೊಬ್ಬರ ಮೇಲೆ ಒಂದು ಮಗು ದೂರು ಹೇಳಿದರೆ ಸಂಘ ಏನು ಮಾಡಬೇಕು? "ಛೆ, ನಮ್ಮಲ್ಲಿ ಅಂಥದ್ದೆಲ್ಲ ಇಲ್ಲಮ್ಮ" ಎನ್ನುವುದು ಎಲ್ಲರ ಮೊದಲ ಉತ್ತರ. ಇಲ್ಲದಿರಲಿ ಎಂದೇ ನನ್ನ ಪ್ರಾರ್ಥನೆ ಕೂಡ. ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಜಾಣತನವಲ್ಲ.

ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ ಶೇ. 53ಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಗಂಡುಮಕ್ಕಳು, ಹೆಣ್ಣುಮಕ್ಕಳು ಇಬ್ಬರೂ ಅದರಲ್ಲಿದ್ದರು. ತಪ್ಪೆಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗು ನಂಬಿದವರು. ಬೀದಿಯ ಅಪರಿಚಿತನಿಗೆ ಹೆದರಿ ನಾವು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ಅಪಾಯವಿರುವುದು ಎಷ್ಟೋ ಸಲ ಬಾಗಿಲಿನ ಒಳಗಡೆಯೇ.

ಬೀರುವಿನಲ್ಲಿ ಉಳಿದ ಕಡತಗಳು

ದೊಡ್ಡ ಸಂಸ್ಥೆಗಳೇ ಇದರಲ್ಲಿ ಹೇಗೆ ಎಡವಿದವು ಎಂಬುದಕ್ಕೆ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಕಥೆ ಸಾಕು. 1910ರಲ್ಲಿ ಹುಟ್ಟಿದ ಈ ಸಂಸ್ಥೆ ಸ್ವಯಂಸೇವಕರಿಂದಲೇ ನಡೆಯುವಂಥದ್ದು. ನಂಬಿಕೆಗೆ ಅರ್ಹರಲ್ಲದ ಹಿರಿಯರ ಹೆಸರುಗಳನ್ನು ಅದು ದಶಕಗಳ ಕಾಲ ಗುಪ್ತ ಕಡತಗಳಲ್ಲಿ ಬರೆದಿಡುತ್ತಿತ್ತು. ಉದ್ದೇಶ ಒಳ್ಳೆಯದೇ, ಅಂಥವರು ಮತ್ತೆ ಸೇರದಿರಲಿ ಎಂದು. ಆದರೆ ಅನೇಕ ಪ್ರಕರಣಗಳಲ್ಲಿ ಪೊಲೀಸರಿಗೆ ತಿಳಿಸಲಿಲ್ಲ, ಬೇರೆ ಮಕ್ಕಳ ತಂದೆತಾಯಿಗಳಿಗೂ ತಿಳಿಸಲಿಲ್ಲ. "ಸದ್ದಿಲ್ಲದೆ ಬಿಟ್ಟು ಹೋಗಿ" ಎಂದು ಕಳುಹಿಸಿದವರಲ್ಲಿ ಕೆಲವರು ಬೇರೆ ಊರಿನಲ್ಲಿ ಬೇರೆ ಮಕ್ಕಳ ನಡುವೆ ಮತ್ತೆ ಕಾಣಿಸಿಕೊಂಡರು.

2010ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ನ್ಯಾಯಾಲಯದಲ್ಲಿ ಜ್ಯೂರಿ ಒಂದೇ ಪ್ರಕರಣಕ್ಕೆ 1.85 ಕೋಟಿ ಡಾಲರ್ ದಂಡನಾ ಪರಿಹಾರ ವಿಧಿಸಿತು. 2012ರಲ್ಲಿ ನ್ಯಾಯಾಲಯದ ಆದೇಶದಂತೆ 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳು ಬಹಿರಂಗವಾದವು. 2020ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. 82,000ಕ್ಕೂ ಮೇಲ್ಪಟ್ಟು ಜನ, ಬಹಳಷ್ಟು ಮಂದಿ ಆಗಲೇ ತಲೆ ನರೆತವರು, ಬಾಲ್ಯದಲ್ಲಿ ತಮಗಾದದ್ದನ್ನು ಹೇಳಿಕೊಂಡು ಮುಂದೆ ಬಂದರು. ಹೆಸರು ಉಳಿಸಿಕೊಳ್ಳಲು ಮುಚ್ಚಿಟ್ಟದ್ದು ಕೊನೆಗೆ ಹೆಸರನ್ನೇ ನುಂಗಿತು. ಜಾಗತಿಕ ಸ್ಕೌಟ್ ಚಳವಳಿ ಮಕ್ಕಳ ರಕ್ಷಣೆಗೆಂದೇ ಒಂದು ನೀತಿಯನ್ನು 2017ರಲ್ಲಿ ಅಂಗೀಕರಿಸಿತು.

ದೂರದ ಮಾತೇಕೆ? ನಮ್ಮ ತಿರುವನಂತಪುರದಲ್ಲೇ 2024ರ ಜೂನ್‌ನಲ್ಲಿ, ಹೆಣ್ಣುಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತಿದ್ದ ತರಬೇತುದಾರನೊಬ್ಬ ಪೋಕ್ಸೊ ಕಾಯಿದೆಯಡಿ ಬಂಧಿತನಾದ. ಆತ ಸ್ವಯಂಸೇವಕನಲ್ಲ, ನಿಜ. ಆದರೆ ಮಕ್ಕಳ ಪಾಲಿಗೆ ಅಧಿಕಾರವುಳ್ಳ ಹಿರಿಯನೇ. ಹಿಂದೆಯೇ ಒಂದು ದೂರು ಇದ್ದರೂ ತರಬೇತಿಯಲ್ಲಿ ಹೇಗೆ ಮುಂದುವರಿದ ಎಂಬ ಪ್ರಶ್ನೆ ಎದ್ದಿತು. ರಾಜ್ಯ ಮಾನವ ಹಕ್ಕುಗಳ ಆಯೋಗ ಕೇರಳ ಕ್ರಿಕೆಟ್ ಸಂಸ್ಥೆಗೆ ನೋಟೀಸು ಕಳುಹಿಸಿತು. ಲೋಪವಾಗಿದೆ ಎಂದು ಸಂಸ್ಥೆಯ ಪದಾಧಿಕಾರಿಗಳೇ ಜುಲೈಯಲ್ಲಿ ಒಪ್ಪಿಕೊಂಡರು. ಆರೋಪದ ಸತ್ಯಾಸತ್ಯ ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಕೇಳುವುದಿಷ್ಟೆ: ಮೊದಲ ದೂರು ಬಂದ ದಿನ ಏನು ಮಾಡಬೇಕೆಂಬುದು ಒಂದು ಕಾಗದದಲ್ಲಿ ಬರೆದಿರಬೇಕಲ್ಲವೇ?

ಕಾನೂನು ಏನು ಹೇಳುತ್ತದೆ

ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂತು. ಹದಿನೆಂಟು ತುಂಬದ ಹುಡುಗ ಹುಡುಗಿಯರಿಬ್ಬರಿಗೂ ಇದು ಅನ್ವಯ. ಇದರ 19ನೆಯ ಕಲಮು ನಮ್ಮಂಥವರೆಲ್ಲ ಓದಲೇಬೇಕಾದದ್ದು. ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವುಳ್ಳವರು, ಯಾರೇ ಆಗಲಿ, ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರದು ಎಂದೂ ಕಾಯಿದೆ ಭರವಸೆ ಕೊಡುತ್ತದೆ.

ಅಂದರೆ ಕಾರ್ಯಕಾರಿ ಸಮಿತಿ ಬಾಗಿಲು ಹಾಕಿಕೊಂಡು ವಿಚಾರಣೆ ನಡೆಸಿ, ನಿಜವೆಂದು ಖಾತ್ರಿಯಾದ ಮೇಲೆ ತಿಳಿಸೋಣ ಎನ್ನುವ ಹಾಗಿಲ್ಲ. ಮಹಾರಾಷ್ಟ್ರದ ಶಾಲಾ ವಿದ್ಯಾರ್ಥಿನಿಲಯವೊಂದರ ಪ್ರಕರಣದಲ್ಲಿ, ವಿಷಯ ತಿಳಿದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಸ್ಪಷ್ಟಪಡಿಸಿತು. ಇನ್ನು ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿಸುವ ನಮ್ಮ ಹಳೆಯ ಅಭ್ಯಾಸ! ರಾಜಸ್ಥಾನದಲ್ಲಿ ಶಿಕ್ಷಕರೊಬ್ಬರ ಮೇಲಿನ ಮೊಕದ್ದಮೆ, ಹುಡುಗಿಯ ತಂದೆ ರಾಜಿ ಪತ್ರ ಬರೆದುಕೊಟ್ಟದ್ದರಿಂದ ಹೈಕೋರ್ಟಿನಲ್ಲಿ ರದ್ದಾಗಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನೇ ತಳ್ಳಿಹಾಕಿತು. ಇದು ಎರಡು ಮನೆಗಳ ಜಗಳವಲ್ಲ, ಬಾಗಿನ ಕೊಟ್ಟು ಬಗೆಹರಿಸುವುದಕ್ಕೆ.

ಪೊಲೀಸ್ ಠಾಣೆ ಎಂದರೆ ತಾಯಂದಿರ ಎದೆ ಝಲ್ಲೆನ್ನುವುದು ಸಹಜ. ಆದರೆ ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಕಡೆಯಲ್ಲೋ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕೆಂದು ಕಾಯಿದೆ ಹೇಳುತ್ತದೆ. ಮಗುವಿನ ಗುರುತನ್ನು ಪತ್ರಿಕೆಗಳು ಬಯಲು ಮಾಡುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡಬೇಕು. ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನು ಒದಗಿಸಬೇಕು. ನಿನ್ನೆ ಮೊನ್ನೆ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ವರ್ಗವಾಗಿ ಬಂದ, ಮಲಯಾಳ ಬಾರದ ಮನೆಯವರಿಗೆ ಈ ಒಂದು ಮಾತು ಎಷ್ಟು ಧೈರ್ಯ! ಫೋನು ಮಾಡಲು 1098 ಇದೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿ ಈಗ ಸರಕಾರದ ಕೈಯಲ್ಲಿದೆ.

ನಿರಪರಾಧಿಯ ಗತಿ?

"ಯಾರೋ ಆಗದವರು ಕಟ್ಟಿದ ಕಥೆಯಾದರೆ? ಒಳ್ಳೆಯವನೊಬ್ಬನ ಬಾಳು ಹಾಳಾಗದೇ?" ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಬೇಕೆಂದೇ ಸುಳ್ಳು ದೂರು ಕೊಟ್ಟ ಹಿರಿಯರಿಗೆ 22ನೆಯ ಕಲಮಿನಲ್ಲಿ ಶಿಕ್ಷೆಯಿದೆ. ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಬೆಂಗಳೂರಿನ ಶಾಲೆಯೊಂದರಲ್ಲಿ 2014ರ ಜುಲೈಯಲ್ಲಿ ಆರು ವರ್ಷದ ಮಗುವಿನ ಮೇಲಾದ ಘೋರ ಕೃತ್ಯ ನಮಗೆಲ್ಲ ನೆನಪಿದೆ. ಜನ ಬೀದಿಗಿಳಿದರು. ಪೊಲೀಸರು ಮೊದಲು ಒಬ್ಬನನ್ನು ಬಂಧಿಸಿದರು. ತನಿಖೆ ಮುಂದುವರಿದಾಗ ಈ ಕೃತ್ಯದಲ್ಲಿ ಅವನ ಪಾತ್ರವಿಲ್ಲವೆಂದು ಅವರೇ ಹೇಳಿ, ಬೇರೆ ಇಬ್ಬರನ್ನು ಹಿಡಿದರು. ಪೊಲೀಸರಿಗೇ ಹೀಗಾದರೆ, ಕಾಫಿ ಕುಡಿಯುತ್ತ ಕುಳಿತ ನಾಲ್ಕು ಜನ ಪದಾಧಿಕಾರಿಗಳು ಯಾರು ಅಪರಾಧಿ, ಯಾರು ಅಲ್ಲ ಎಂದು ಹೇಗೆ ತೀರ್ಮಾನಿಸಿಯಾರು? ನಿರಪರಾಧಿಯ ಹೆಸರನ್ನು ತೊಳೆಯಬಲ್ಲದ್ದೂ ಸರಿಯಾದ ತನಿಖೆಯೇ. ಸಂಘದೊಳಗೆ ಮುಚ್ಚಿಹಾಕಿದ ಮಾತು ಮಾತ್ರ ಸಾಯುವುದಿಲ್ಲ. ಮದುವೆ ಮನೆ, ಮುಂಜಿ ಮನೆಗಳಲ್ಲಿ ಪಿಸುಮಾತಾಗಿ ಅವನ ಬೆನ್ನು ಹತ್ತಿಯೇ ಇರುತ್ತದೆ.

ಮಗು ಬಾಯಿ ಬಿಟ್ಟಾಗ

ಮಗು ಒಂದೇ ಸಲಕ್ಕೆ ಎಲ್ಲವನ್ನೂ ಹೇಳುವುದಿಲ್ಲ. "ನಾಳೆ ಕ್ಲಾಸಿಗೆ ಹೋಗಲ್ಲ", "ಆ ಮಾಮ ಬೇಡ" ಎಂದೇ ಶುರುವಾಗಬಹುದು. ಗದರಬೇಡಿ, ಹತ್ತು ಪ್ರಶ್ನೆ ಕೇಳಬೇಡಿ, "ಹೀಗೆ ಮಾಡಿದನಾ, ಹಾಗೆ ಮಾಡಿದನಾ" ಎಂದು ನೀವೇ ಮಾತು ಹೇಳಿಕೊಡಬೇಡಿ. "ಹೇಳಿದ್ದು ಒಳ್ಳೆಯದಾಯಿತು ಕಂದ, ತಪ್ಪು ನಿನ್ನದಲ್ಲ" ಎನ್ನಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಿ. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಬೇಡಿ, ನೆರವಾಗಬಲ್ಲವರಿಗೆ ಹೇಳಲೇಬೇಕಾಗುತ್ತದೆ. ಇಂಥ ತಿಳಿವಳಿಕೆ ಶಾಲೆಯ ಪಠ್ಯದ ಭಾಗವಾಗಬೇಕೆಂದು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು 2022ರ ಆಗಸ್ಟ್‌ನಲ್ಲಿ ನಿರ್ದೇಶಿಸಿತು. ಮಕ್ಕಳು ಕಲಿಯುವ ಪಾಠವನ್ನು ಹಿರಿಯರೂ ಕಲಿಯಬೇಡವೇ?

ನಮ್ಮ ಸಂಘ ಮಾಡಬಹುದಾದದ್ದು

2020ರ ಪೋಕ್ಸೊ ನಿಯಮಗಳ ಪ್ರಕಾರ, ಮಕ್ಕಳೊಂದಿಗೆ ನಿತ್ಯ ಒಡನಾಟವಿರುವ ಶಾಲೆ, ಕ್ರೀಡಾ ಅಕಾಡೆಮಿ ಮುಂತಾದ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಆಗಾಗ ಪರಿಶೀಲಿಸಬೇಕು. ಗಮನಿಸಿ, ಅಲ್ಲಿ ಹೇಳಿರುವುದು ಸಿಬ್ಬಂದಿ, ನೌಕರರು ಎಂದು. ಸಂಬಳವಿಲ್ಲದೆ ದುಡಿಯುವ ನಮ್ಮ ಮಾಮ, ಅಕ್ಕಂದಿರು ಆ ಮಾತಿನ ಹೊರಗೇ ಉಳಿದಂತೆ ಕಾಣುತ್ತದೆ. ಹಾಗಾಗಿ ಆ ಬೇಲಿಯನ್ನು ನಾವೇ ಹಾಕಿಕೊಳ್ಳಬೇಕು. ಒಂದು ಪುಟ ಸಾಕು.

1. ಯಾವ ಹಿರಿಯರೂ ಒಂದೇ ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಶಿಬಿರ, ತಾಲೀಮು, ಪ್ರವಾಸ ಎಲ್ಲೇ ಆಗಲಿ, ಕಡೇಪಕ್ಷ ಇಬ್ಬರು ಹಿರಿಯರಿರಲಿ. ವೇಷಭೂಷಣ ಬದಲಿಸುವಲ್ಲಿ ತಾಯಂದಿರಿರಲಿ.

2. ಹೊಸ ಸ್ವಯಂಸೇವಕರ ಬಗ್ಗೆ ಹಿಂದೆ ಇದ್ದ ಊರಿನ ಸಂಘದಲ್ಲಿ ವಿಚಾರಿಸಲಿ. ಇದು ಅಧ್ಯಕ್ಷರ ತಮ್ಮನಿಗೂ ಅನ್ವಯಿಸಲಿ.

3. ದೂರು ಕೇಳಲು ಇಬ್ಬರನ್ನು ನೇಮಿಸಿ, ಅವರ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಲಿ. ಒಬ್ಬರಾದರೂ ಮಹಿಳೆಯಿರಲಿ.

4. ದೂರು ಬಂದ ದಿನವೇ ತಂದೆತಾಯಿಗಳಿಗೆ, ಪೊಲೀಸರಿಗೆ ತಿಳಿಸಲಿ. ದೂರು ಮನೆಯವರ ಮೇಲೆಯೇ ಇದ್ದರೆ ಮೊದಲು ಪೊಲೀಸರಿಗೆ, 1098ಕ್ಕೆ.

5. ಆರೋಪಿತರು ತನಿಖೆ ಮುಗಿಯುವವರೆಗೆ ಮಕ್ಕಳ ಕಾರ್ಯಕ್ರಮಗಳಿಂದ ದೂರವಿರಲಿ. ಇದು ಶಿಕ್ಷೆಯಲ್ಲ, ಎಲ್ಲರಿಗೂ ಒಂದೇ ನಿಯಮ ಎಂದು ಅವರಿಗೆ ಗೌರವದಿಂದಲೇ ಹೇಳಲಿ. ಮಗುವಿನ ಹೆಸರನ್ನೂ ಅವರ ಹೆಸರನ್ನೂ ಯಾರೂ ಹರಡಬಾರದು.

ನಿಯಮ ಮೊದಲೇ ಇದ್ದರೆ ಅದು ಯಾರೊಬ್ಬರ ಮೇಲಿನ ಅನುಮಾನವೂ ಅಲ್ಲ. ದೂರು ಬಂದ ಮೇಲೆ ಬರೆಯಹೊರಟರೆ ಅದು ಆ ವ್ಯಕ್ತಿಯ ಮುಖ ನೋಡಿಯೇ ಬರೆದಂತಾಗುತ್ತದೆ. ಬೇಕಾದವರಿಗೆ ಸಡಿಲ, ಬೇಡದವರಿಗೆ ಬಿಗಿ. ಒಳ್ಳೆಯ ಸ್ವಯಂಸೇವಕರು ಇದಕ್ಕೆ ಬೇಸರಪಡರು ಎಂದೇ ನನ್ನ ನಂಬಿಕೆ. ಇಬ್ಬರಿರಬೇಕೆಂಬ ನಿಯಮ ಅವರನ್ನೂ ಕಾಯುತ್ತದೆ.

ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ, ಪದಾಧಿಕಾರಿಗಳ ಆಯ್ಕೆ, ಊಟದ ಏರ್ಪಾಡು ಇವೆಲ್ಲ ಚರ್ಚೆಗೆ ಬರುತ್ತವೆ. ಈ ಒಂದು ಪುಟವೂ ಬರಲಿ. ತಾಯಂದಿರು ಹಿಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸದೆ ಎದ್ದು ನಿಂತು ಕೇಳಲಿ. ಏಪ್ರಿಲ್ ಶಿಬಿರದ ಅರ್ಜಿ ನಮೂನೆ ಅಚ್ಚಾಗುವ ಮೊದಲು ಅದರ ಹಿಂಬದಿಯಲ್ಲಿ ಈ ಐದು ನಿಯಮಗಳೂ, 1098 ಎಂಬ ಸಂಖ್ಯೆಯೂ ಇರಬೇಕೆಂಬುದು ನನ್ನ ಬಿನ್ನಹ.