ಮೂಸಾರಾಂಬಾಗಿನ ಮೂಸಾರಾಮನು ಯಾರು?

ಮಲಕಪೇಟೆಯ ಗಂಜಿನಿಂದ ಸಾಮಾನು ಹೊರಿಸಿಕೊಂಡು ಬರುವ ನಮ್ಮ ಹೋಟೆಲು ಬಂಧುಗಳೂ, ಬೆಳಗಾಗುತ್ತಲೇ ಕಚೇರಿಗೆ ಧಾವಿಸುವ ನಮ್ಮ ಗುಮಾಸ್ತರೂ ‘ಮೂಸಾರಾಂಬಾಗ್’ ಎಂಬ ಹೆಸರನ್ನು ನಿತ್ಯವೂ ಉಚ್ಚರಿಸುತ್ತಾರೆ. 2018ರಲ್ಲಿ ಆರಂಭವಾದ ಅಲ್ಲಿಯ ಮೆಟ್ರೋ ನಿಲ್ದಾಣದ ಹಲಗೆಯ ಮೇಲೂ ಅದೇ ಹೆಸರಿದೆ. ಆದರೆ ಈ ಮೂಸಾರಾಮನು ಯಾರೆಂದು ವಿಚಾರಿಸಿದವರು ವಿರಳ.

ಆತನು ಫ್ರಾನ್ಸ್ ದೇಶದವನು; ಹೆಸರು ಮೊಸ್ಯೂ ರೇಮಂಡ್. ‘ಮೊಸ್ಯೂ’ ಎಂದರೆ ಅವರಲ್ಲಿ ಶ್ರೀಯುತ ಎಂದರ್ಥ. ಹಿಂದುಗಳ ಬಾಯಲ್ಲಿ ಅದು ಮೂಸಾರಾಮನಾಯಿತು, ಮುಸಲ್ಮಾನರ ಬಾಯಲ್ಲಿ ಮೂಸಾರಹೀಮನಾಯಿತು.

1755ರಲ್ಲಿ ಜನಿಸಿದ ಈತನು ನಮ್ಮಂತೆಯೇ ವ್ಯಾಪಾರದ ಆಸೆಯಿಂದ ಪರಸ್ಥಳಕ್ಕೆ ಹೊರಟು, 1775ರಲ್ಲಿ ಪುದುಚೇರಿಯನ್ನು ಸೇರಿದನು. ಬಳಿಕ ಸಿಪಾಯಿಯಾಗಿ, 1786ರಲ್ಲಿ ನಿಜಾಮ್ ಅಲಿಖಾನನ ಸೇವೆಗೆ ಬಂದನು. ಮೊದಲಿಗೆ ಆತನ ಕೈಯಲ್ಲಿದ್ದುದು ಸುಮಾರು 300 ಮಂದಿ. ಕೊನೆಗೆ ಹತ್ತು ಸಾವಿರಕ್ಕೂ ಮಿಕ್ಕ ಸೈನ್ಯ. ನಗರದ ಗನ್‌ಫೌಂಡ್ರಿ ಎಂಬ ಬಡಾವಣೆಯೂ ಆತನ ಫಿರಂಗಿ ಕಾರ್ಖಾನೆಯ ನೆನಪೇ ಆಗಿದೆ.

1798ರ ಮಾರ್ಚ್ 25ರಂದು ರೇಮಂಡನು ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ ನಿಜಾಮನು ಫ್ರೆಂಚ್ ಅಧಿಕಾರಿಗಳನ್ನು ವಜಾ ಮಾಡಬೇಕಾಯಿತು. ಆಗ ಸಿಪಾಯಿಗಳು ಬಾಕಿ ಸಂಬಳಕ್ಕಾಗಿ ದಂಗೆಯೆದ್ದು, ತಮ್ಮ ಫ್ರೆಂಚ್ ಅಧಿಕಾರಿಗಳನ್ನೇ ಸೆರೆಯಲ್ಲಿಟ್ಟರು. ಅಕ್ಟೋಬರ್ 22ರಂದು ಇಂಗ್ಲಿಷ್ ಪಡೆಯು ಸುತ್ತುವರಿದಾಗ, ಬಾಕಿ ಸಲ್ಲುವುದೆಂಬ ಭರವಸೆ ಪಡೆದು ಆಯುಧಗಳನ್ನು ಕೆಳಗಿಟ್ಟರು. ಹನ್ನೆರಡು ವರ್ಷ ಕಟ್ಟಿದ ಸೈನ್ಯವು ಒಂದೇ ದಿನದಲ್ಲಿ ರಕ್ತಪಾತವಿಲ್ಲದೆ ಕರಗಿತು.

ಈ ಕಥೆಯನ್ನು ಓದಿದಾಗ ನಾನು ತಲೆ ತಗ್ಗಿಸಿದೆನು. ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾನೂ ಒಮ್ಮೆ ಎರಡು ತಿಂಗಳ ಸಂಬಳವನ್ನು ಬಾಕಿ ನಿಲ್ಲಿಸಿದ್ದೆನು. ಒಂದು ಮುಂಜಾನೆ ಬಂದು ನೋಡಿದರೆ ಒಲೆ ಉರಿದಿರಲಿಲ್ಲ. ಹುಡುಗರು ಅಂಗಳದಲ್ಲಿ ಮೌನವಾಗಿ ಕುಳಿತಿದ್ದರು. ತಪ್ಪು ಅವರದಾಗಿರಲಿಲ್ಲ.

ಆದರೂ ಆ ಸೈನ್ಯದ ನಾಯಕನನ್ನು ಜನ ಮರೆಯಲಿಲ್ಲ. ಮಲಕಪೇಟೆಯ ಸಮೀಪ ಅಸ್ಮಾನ್‌ಗಢದ ದಿಬ್ಬದ ಮೇಲೆ ‘ಜೆ. ಆರ್.’ ಎಂಬ ಅಕ್ಷರಗಳುಳ್ಳ ಆತನ ಸಮಾಧಿ ಸ್ತಂಭವಿದೆ. ಹಿಂದೆ ವರ್ಷಕ್ಕೊಮ್ಮೆ ಜನರು ಅಲ್ಲಿ ನೆರೆದು ಉರುಸು ನಡೆಸುತ್ತಿದ್ದರು.

ರಜೆಯ ಒಂದು ಸಂಜೆ ವಾಚಕರು ಮಕ್ಕಳೊಡನೆ ಅಲ್ಲಿಗೆ ಹೋಗಿಬರಲಿ. ಅನ್ನ ಹುಡುಕಿಕೊಂಡು ಬಂದ ಪರಸ್ಥಳದವನಿಗೂ ಈ ಊರು ತನ್ನ ಬಾಯಲ್ಲಿ ಸ್ಥಳ ಕೊಟ್ಟಿದೆ. ಯಜಮಾನರು ಮಾತ್ರ ಹೊರಡುವ ಮುನ್ನ ಸಂಬಳದ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಲೇಸು.