ಯುದ್ಧನಿರ್ಣಯವೂ ಮಂತ್ರಿಮಂಡಲದ ಕೂಡುಹೊಣೆಯೂ

ರಾಜ್ಯವೊಂದು ಯುದ್ಧಕ್ಕೆ ಹೊರಟಾಗ ಆ ನಿರ್ಣಯಕ್ಕೆ ಹೊಣೆಗಾರರು ಯಾರೆಂಬ ಪ್ರಶ್ನೆಗೆ ಇಂದಿನ ರಾಜ್ಯಾಂಗಶಾಸ್ತ್ರವು ಕೊಡುವ ಉತ್ತರವು ಇದು: ಮಂತ್ರಿಮಂಡಲವೆಲ್ಲವೂ ಒಂದಾಗಿ ಹೊಣೆ, ಒಬ್ಬ ಮಂತ್ರಿಯು ಒಳಗೆ ವಿರೋಧಿಸಿದ್ದರೂ ಸ್ಥಾನದಲ್ಲಿ ಉಳಿದಿರುವ ತನಕ ಅವನೂ ಹೊಣೆ. ಇದಕ್ಕೆ ಸಾಮೂಹಿಕ ಹೊಣೆ ಅಥವಾ ಕೂಡುಹೊಣೆಯೆಂದು ಹೆಸರು. ನಮ್ಮ ಸಾಹಿತ್ಯಾಧ್ಯಾಪಕರು ಉದ್ಯೋಗಪರ್ವವನ್ನಾಗಲಿ ಪಂಚತಂತ್ರವನ್ನಾಗಲಿ ಪಾಠಹೇಳುವಾಗ ಅಲ್ಲಿಯ ಮಂತ್ರಿಯನ್ನು ಇಂದಿನ ಮಂತ್ರಿಯೆಂದೇ ತಿಳಿಸಿಬಿಡುವುದುಂಟು. ಪದವು ಒಂದೇ ಆದರೂ ಅರ್ಥವು ಒಂದೇ ಅಲ್ಲ. ಆ ಭೇದವನ್ನು ವಿಚಾರಿಸಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಈ ಸೀಮೆಯು ಸ್ವತಃ ಅನುಭವಿಸಿದ ಒಂದು ಪ್ರಸಂಗದಿಂದ ಅದನ್ನು ಸ್ಪಷ್ಟಪಡಿಸುವುದು ಈ ಲೇಖನದ ಉದ್ದೇಶವು.

ಧಾತುಪಾಠದಲ್ಲಿ ಮಂತ್ರಶಬ್ದದ ಮೂಲಧಾತುವಿಗೆ ಗುಟ್ಟಾಗಿ ಮಾತನಾಡುವುದೆಂದು ಅರ್ಥ ಹೇಳಿದೆ. ಆದುದರಿಂದ ಮಂತ್ರಿಯೆಂದರೆ ಮೊದಲಿಗೆ ಆಳುವವನಲ್ಲ, ಅರಸನ ಕಿವಿಯಲ್ಲಿ ಹೇಳುವವನು. ಹೊಣೆಯೆಂಬ ನಮ್ಮ ಕನ್ನಡದ ಮಾತಿಗಾದರೋ ಪೂರ್ವದಿಂದಲೂ ಜಾಮೀನೆಂಬ ಅರ್ಥವಿರುವುದು. ಒಬ್ಬನ ಮಾತಿಗೆ ಮತ್ತೊಬ್ಬನು ತನ್ನನ್ನೇ ಒತ್ತೆಯಿಡುವುದು. ಈ ಎರಡು ಭಾವಗಳು ಪ್ರಾಚೀನ ನೀತಿಗ್ರಂಥಗಳಲ್ಲಿ ಒಂದೆಡೆ ಕೂಡಲಿಲ್ಲ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರಾಧಿಕಾರವೆಂಬ ಪ್ರಕರಣವಿದೆ. ಅರಸನು ಒಬ್ಬನೇ ಕುಳಿತು ಆಲೋಚಿಸಲೆಂದು ಭಾರದ್ವಾಜನ ಮತ. ಒಬ್ಬನಿಂದ ಮಂತ್ರಸಿದ್ಧಿಯಿಲ್ಲವೆಂದು ವಿಶಾಲಾಕ್ಷನದು. ಕೌಟಿಲ್ಯನು ಮೂವರು ನಾಲ್ವರು ಮಂತ್ರಿಗಳಿರಲೆನ್ನುತ್ತಾನೆ: ಒಬ್ಬನೇ ಆದರೆ ಅಂಕೆಯಿಲ್ಲದೆ ನಡೆಯುವನು, ಇಬ್ಬರಾದರೆ ಕೂಡಿಕೊಂಡು ಅರಸನನ್ನೇ ಹಿಡಿಯುವರು ಇಲ್ಲವೆ ಜಗಳಾಡಿ ಕಾರ್ಯವನ್ನು ಕೆಡಿಸುವರು. ಮಂತ್ರಿಪರಿಷತ್ತಿನ ಸಂಖ್ಯೆಯನ್ನು ಮಾನವರು ಹನ್ನೆರಡೆಂದೂ ಬಾರ್ಹಸ್ಪತ್ಯರು ಹದಿನಾರೆಂದೂ ಔಶನಸರು ಇಪ್ಪತ್ತೆಂದೂ ಹೇಳಿದರೆ, ಇವನು ಸಾಮರ್ಥ್ಯವಿದ್ದಷ್ಟು ಎಂದು ಬಿಟ್ಟಿದ್ದಾನೆ. ದೂರದಲ್ಲಿರುವ ಮಂತ್ರಿಗಳ ಅಭಿಪ್ರಾಯವನ್ನು ಪತ್ರಮುಖವಾಗಿ ತರಿಸಬೇಕೆಂಬ ವಿಧಿಯೂ ಅಲ್ಲಿದೆ. ಅವಸರದ ಕಾರ್ಯ ಒದಗಿದಾಗ ಮಂತ್ರಿಗಳನ್ನೂ ಪರಿಷತ್ತನ್ನೂ ಕರೆಸಿ, ಹೆಚ್ಚಿನವರು ಹೇಳಿದುದನ್ನು ಅಥವಾ ಕಾರ್ಯಸಿದ್ಧಿಯನ್ನುಂಟುಮಾಡುವುದನ್ನು ಮಾಡಬೇಕೆಂದಿದೆ. ಈ ‘ಅಥವಾ’ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಬಹುಮತವನ್ನು ಕೇಳಿಯೂ ಅದನ್ನು ಮೀರುವ ಅಧಿಕಾರವು ಅರಸನಲ್ಲಿ ಉಳಿಯಿತು. ಹೀಗಾಗಿ ಅಲ್ಲಿರುವುದು ಕೂಡಿ ಮಾಡುವ ಆಲೋಚನೆ, ಕೂಡಿ ಹೊರುವ ಹೊಣೆಯಲ್ಲ. ಈ ವಾಕ್ಯವನ್ನು ಮುಂದಿಟ್ಟುಕೊಂಡು ನಮ್ಮ ಪ್ರಾಚೀನರಲ್ಲಿ ಪಾರ್ಲಿಮೆಂಟು ಇತ್ತೆಂದು ಸಾಧಿಸಹೊರಡುವವರ ಉತ್ಸಾಹವನ್ನು ನಾನು ಒಪ್ಪಲಾರೆನು.

ಕನ್ನಡನಾಡಿನಲ್ಲಿ ಸಂಧಿ ಮತ್ತು ಯುದ್ಧಗಳ ವ್ಯವಹಾರಕ್ಕೆ ಸಂಧಿವಿಗ್ರಹಿಯೆಂಬ ಅಧಿಕಾರಿಯೇ ಇರುತ್ತಿದ್ದನು. ಕನ್ನಡದ ಪಂಚತಂತ್ರವನ್ನು ಬರೆದ ದುರ್ಗಸಿಂಹನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಈ ಪದವಿಯಲ್ಲಿದ್ದವನು. ಕಾಗೆಗಳಿಗೂ ಗೂಗೆಗಳಿಗೂ ಆದ ವೈರದ ಕಥೆಯು ಅಂಥವನ ಕೈಯಿಂದ ಬಂದಿತೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳದೆ ಬಿಡಬಾರದು. ಆ ಕಥೆಯ ಕೆಲವು ಸಂಸ್ಕೃತ ಪಾಠಗಳಲ್ಲಿ ಗೂಗೆಯರಸನ ಮಂತ್ರಿಗಳೊಳಗೆ ಒಬ್ಬನು ಮಾತ್ರ ಶರಣುಬಂದ ಕಾಗೆಯನ್ನು ನಂಬಬೇಡವೆನ್ನುವನು. ಮಾತು ನಡೆಯದಿರಲು ತನ್ನ ಪರಿವಾರದೊಡನೆ ಬೇರೆ ಕಡೆಗೆ ಹೊರಟುಹೋಗುವನು.

ಯುದ್ಧದ ಹೊಣೆಯನ್ನು ಒಬ್ಬನೇ ಹೊತ್ತ ಉದಾಹರಣೆಯು ನಮ್ಮ ಸಮೀಪದಲ್ಲಿಯೇ ಇರುವುದು. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಹೆಸರು ಕೊಟ್ಟ ಬಂಕೇಯನು ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕನು. ಶಕ 782, ಎಂದರೆ ಕ್ರಿ. ಶ. 860ರ ದಾನವನ್ನು ಹೇಳುವ ಕೊಣ್ಣೂರಿನ ಶಾಸನದ ಪ್ರಕಾರ ಇವನು ಗಂಗರ ಮೇಲೆ ದಂಡೆತ್ತಿ ಹೋಗಿದ್ದಾಗ, ಒಳರಾಜ್ಯದಲ್ಲಿ ದಂಗೆಯೆದ್ದುದರಿಂದ ಅರಸನು ಇವನನ್ನು ಹಿಂದಕ್ಕೆ ಕರೆಸಿದನು; ಮೂರು ತಿಂಗಳೊಳಗೆ ಶತ್ರುಗಳನ್ನು ಗೆಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಇವನು ಪ್ರತಿಜ್ಞೆಮಾಡಿದನು. ಹೊಣೆಯೆಂಬ ಹಳೆಯ ಅರ್ಥವು ಇಲ್ಲಿ ಪೂರ್ಣವಾಗಿದೆ. ಆದರೆ ಇದು ಸೇವಕನು ಒಡೆಯನಿಗೆ ಕೊಟ್ಟ ಹೊಣೆ. ಯಾರ ಹೊಲದ ಮೇಲೆ ದಂಡು ಹಾಯ್ದುಹೋಯಿತೋ ಆ ಒಕ್ಕಲಿಗನಿಗೆ ಯಾರೂ ಪ್ರತಿಜ್ಞೆ ಮಾಡಲಿಲ್ಲ.

ಇನ್ನು ಭಾರತದ ಮಾತು. ಯುದ್ಧವು ತಪ್ಪೆಂದು ಬಲ್ಲವರು ಏನು ಮಾಡಬೇಕೆಂಬುದಕ್ಕೆ ಆ ಕಥೆಯಲ್ಲಿ ನಾಲ್ಕು ಬಗೆಯ ನಡತೆಗಳು ಕಾಣುತ್ತವೆ. ಬೇಡವೆಂದು ಹೇಳಿಯೂ ಭೀಷ್ಮನು ಸೇನಾಪತಿಯಾದನು. ಬಲರಾಮನು ತೀರ್ಥಯಾತ್ರೆಗೆ ಹೋದನು. ಯುಯುತ್ಸು ಪಾಂಡವರ ಪಕ್ಷಕ್ಕೆ ನಡೆದನು. ವಿದುರನು ಕುಮಾರವ್ಯಾಸನ ಕಾವ್ಯದಲ್ಲಿ, ಕೌರವನ ನಿಂದೆಯನ್ನು ಕೇಳಿ ತುಂಬಿದ ಸಭೆಯಲ್ಲಿ ತನ್ನ ಬಿಲ್ಲನ್ನು ಮುರಿದನು. ಈ ಬಿಲ್ಲುಮುರಿತವನ್ನು ಕೇವಲ ಕೋಪವೆಂದು ಅಥವಾ ಕೃಷ್ಣನ ತಂತ್ರವೆಂದು ವ್ಯಾಖ್ಯಾನಿಸಿ ಮುಂದುವರಿಯುವುದು ವಾಡಿಕೆ. ನನಗಾದರೋ ಅದು ರಾಜೀನಾಮೆಯ ಚಿತ್ರವಾಗಿ ತೋರುತ್ತದೆ. ಹಸ್ತಿನಾವತಿಯಲ್ಲಿದ್ದೇ ಅವನು ಆ ಯುದ್ಧದ ಪಾಲುಗಾರನಾಗದೆ ಉಳಿದನು. ಕೂಡುಹೊಣೆಯ ತತ್ತ್ವದ ಪ್ರಕಾರ ಭೀಷ್ಮನಿಗೆ ಈ ವಿನಾಯಿತಿಯಿಲ್ಲ. ಒಳಗೆ ಬೇಡವೆಂದುದು ಹೊರಗೆ ಲೆಕ್ಕಕ್ಕೆ ಬಾರದು.

ಇಂಗ್ಲೆಂಡಿನಲ್ಲಿ ಬೆಳೆದ ಈ ತತ್ತ್ವಕ್ಕೆ ಮೂರು ಅಂಗಗಳು. ಮಂತ್ರಿಗಳೆಲ್ಲರೂ ಪ್ರಜಾಪ್ರತಿನಿಧಿಸಭೆಗೆ ಒಟ್ಟಾಗಿ ಉತ್ತರವಾದಿಗಳು, ಸಭೆಯ ವಿಶ್ವಾಸ ತಪ್ಪಿದರೆ ಒಟ್ಟಾಗಿ ಇಳಿಯಬೇಕು. ಹೊರಗೆ ಎಲ್ಲರದೂ ಒಂದೇ ಮಾತು. ಒಳಗಿನ ಚರ್ಚೆ ಗುಪ್ತ. ಒಪ್ಪಲಾರದವನು ಹೊರಬೀಳಬೇಕು. 1914ರ ಆಗಸ್ಟಿನಲ್ಲಿ ಯುದ್ಧಪ್ರವೇಶವನ್ನೊಪ್ಪದೆ ಲಾರ್ಡ್ ಮೋರ್ಲೆ ಮತ್ತು ಜಾನ್ ಬರ್ನ್ಸ್ ಎಂಬ ಮಂತ್ರಿಗಳೂ, 2003ರ ಮಾರ್ಚಿನಲ್ಲಿ ಇರಾಕಿನ ಯುದ್ಧವನ್ನೊಪ್ಪದೆ ರಾಬಿನ್ ಕುಕ್ಕರೂ ಹೀಗೆ ಹೊರಬಿದ್ದರು. ಉಳಿದವರು ಆ ಯುದ್ಧಗಳಿಗೆ ಹೊಣೆಯಾದರು.

ಈಗ ನಮ್ಮ ಸೀಮೆಯ ಪ್ರಸಂಗಕ್ಕೆ ಬರುವೆನು. 1939ರಲ್ಲಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1935ರ ಕಾಯಿದೆಯ ಮೇರೆಗೆ ಚುನಾವಣೆಗಳು ನಡೆದು, 1937ರ ಜುಲೈಯಿಂದ ಬಿ. ಜಿ. ಖೇರರ ಮಂತ್ರಿಮಂಡಲವು ಪ್ರಾಂತದಲ್ಲಿ ಅಧಿಕಾರ ನಡೆಸುತ್ತಿದ್ದಿತು. ಮಂತ್ರಿಗಳಲ್ಲಿ ಕೂಡುಹೊಣೆಯ ಭಾವನೆಯನ್ನು ಬೆಳೆಸಬೇಕೆಂದು ಗವರ್ನರರಿಗೆ ಕೊಟ್ಟ ಆದೇಶಪತ್ರದಲ್ಲಿಯೇ ಹೇಳಿದ್ದಿತು. 1939ರ ಸೆಪ್ಟೆಂಬರ್ 3ರಂದು ಗವರ್ನರ್ ಜನರಲ್ ಲಾರ್ಡ್ ಲಿನ್‌ಲಿತ್‌ಗೋ ಅವರು, ಕೇಂದ್ರ ಶಾಸನಸಭೆಯನ್ನಾಗಲಿ ಪ್ರಾಂತಗಳ ಮಂತ್ರಿಗಳನ್ನಾಗಲಿ ಕೇಳದೆ, ಹಿಂದುಸ್ಥಾನವು ಜರ್ಮನಿಯೊಡನೆ ಯುದ್ಧದಲ್ಲಿದೆಯೆಂದು ಸಾರಿದರು. ರಕ್ಷಣೆಯ ವಿಷಯವು ಪ್ರಾಂತಗಳದಲ್ಲವೆಂಬುದು ನಿಜವೇ. ಆದರೆ ಯುದ್ಧಕಾಲದ ಆಜ್ಞೆಗಳು ಹಳ್ಳಿಗೆ ತಲುಪಬೇಕಾದುದು ಪ್ರಾಂತದ ಕಲೆಕ್ಟರ, ಮಾಮಲೇದಾರ, ಪೊಲೀಸರ ಕೈಯಿಂದ. ಅವರ ಮೇಲೆ ಹೆಸರಿಗಾದರೂ ಇದ್ದವರು ಈ ಮಂತ್ರಿಗಳು. ಮಂತ್ರದಲ್ಲಿ ಪಾಲಿಲ್ಲದೆ ಹೊಣೆಯಲ್ಲಿ ಪಾಲು ಬಂದಂತಾಯಿತು.

ಯುದ್ಧದ ಉದ್ದೇಶವನ್ನೂ ಹಿಂದುಸ್ಥಾನದ ಸ್ಥಾನವನ್ನೂ ತಿಳಿಸಬೇಕೆಂದು ಕಾಂಗ್ರೆಸ್ ಕಾರ್ಯಸಮಿತಿಯು ಸೆಪ್ಟೆಂಬರಿನಲ್ಲಿ ಕೇಳಿತು. ಅಕ್ಟೋಬರ್ 17ರಂದು ಬಂದ ಉತ್ತರವು ಸಾಲದಾಯಿತು. ಎಂಟು ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ನವೆಂಬರಿನಲ್ಲಿ ಮುಂಬಯಿಯ ಆಡಳಿತವನ್ನು 93ನೆಯ ಕಲಮಿನ ಮೇರೆಗೆ ಗವರ್ನರ್ ಸರ್ ರಾಜರ್ ಲಮ್ಲೆ ತಾವೇ ಕೈಗೊಂಡರು. ಒಬ್ಬಿಬ್ಬರಲ್ಲ, ಮಂಡಲವೆಲ್ಲವೂ ಬಿಲ್ಲು ಮುರಿದ ಪ್ರಸಂಗವಿದು. ರಾಣೇಬೆನ್ನೂರು ತಾಲೂಕಿನ ಅಂಚಿನಲ್ಲಿ ತುಂಗಭದ್ರೆಯನ್ನು ದಾಟಿದರೆ ಹರಿಹರ, ಆಗಿನ ಮೈಸೂರು ಸಂಸ್ಥಾನ. ಅಲ್ಲಿ ದಿವಾನರು ಮಹಾರಾಜರಿಗೆ ಉತ್ತರವಾದಿಗಳು, ಸಭೆಗಲ್ಲ. ಆದುದರಿಂದ ಆ ದಡದಲ್ಲಿ ಯುದ್ಧದ ನಿಮಿತ್ತ ರಾಜೀನಾಮೆ ಕೊಡುವ ಪ್ರಶ್ನೆಯೇ ಹುಟ್ಟಲಿಲ್ಲ. ಹೊಣೆಯಿದ್ದಲ್ಲಿ ಮಾತ್ರ ಅದನ್ನು ಬಿಡುವುದು ಸಾಧ್ಯ.

ರಾಜೀನಾಮೆಯು ಶುದ್ಧವಾಗಿದ್ದರೂ ಅದಕ್ಕೆ ಬೆಲೆಯಿದ್ದಿತು. 1946ರಲ್ಲಿ ಖೇರರು ಮತ್ತೆ ಬರುವತನಕ, ಪ್ರಾಂತದಲ್ಲಿ ಪೊಲೀಸರ ಕಾರ್ಯಕ್ಕೆ ಸಭೆಯ ಮುಂದೆ ನಿಂತು ಉತ್ತರ ಹೇಳುವ ಮಂತ್ರಿಯೇ ಇರಲಿಲ್ಲ. 1942ರ ಆಗಸ್ಟಿನ ಚಳವಳಿಯು ಆ ಅವಧಿಯಲ್ಲಿಯೇ ನಡೆಯಿತು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರೂ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರೂ ಆದ ಮೈಲಾರ ಮಹಾದೇವರು, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ, 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಮಂತ್ರಿಮಂಡಲವಿದ್ದಿದ್ದರೆ ಇದು ತಪ್ಪುತ್ತಿತ್ತೆಂದು ಹೇಳುವುದು ತರ್ಕವಲ್ಲ. ಗುಂಡಿಗೆ ಲೆಕ್ಕ ಕೇಳಬಹುದಾದ ಸಭೆಯೊಂದಿರುತ್ತಿತ್ತೆಂದಷ್ಟೇ ಹೇಳಬಹುದು.

ಸ್ವತಂತ್ರಭಾರತದ ಸಂವಿಧಾನವು 75ನೆಯ ಅನುಚ್ಛೇದದ 3ನೆಯ ಖಂಡದಲ್ಲಿ ಮಂತ್ರಿಪರಿಷತ್ತು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದು ವಿಧಿಸಿದೆ. ಯುದ್ಧ ಮತ್ತು ಶಾಂತಿ ಎಂಬುದು ಕೇಂದ್ರಪಟ್ಟಿಯ 15ನೆಯ ವಿಷಯವು. ಆದರೆ ಯುದ್ಧ ಸಾರುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ವಿಧಿಯು ಎಲ್ಲಿಯೂ ಇಲ್ಲ. ಆದುದರಿಂದ ನಿರ್ಣಯವು ಮಂತ್ರಿಗಳದು, ವಿಚಾರಣೆಯು ಆಮೇಲೆ ಸಭೆಯದು. 1962ರ ಚೀನಾಯುದ್ಧದಲ್ಲಿ ರಕ್ಷಣಾಮಂತ್ರಿ ವಿ. ಕೆ. ಕೃಷ್ಣಮೆನನ್ನರು ಮಾತ್ರ ನವೆಂಬರಿನಲ್ಲಿ ಮಂಡಲವನ್ನು ಬಿಟ್ಟರು, ಮಂಡಲವು ಉಳಿಯಿತು. ಕೂಡುಹೊಣೆಯು ಒಬ್ಬನ ಹೊಣೆಯಾಗಿ ಇಳಿಯುವುದು ಎಷ್ಟು ಸುಲಭವೆಂಬುದಕ್ಕೆ ಇದು ನಿದರ್ಶನ.

ಮಂತ್ರಗುಪ್ತಿಯೂ ಸಂವಿಧಾನದಲ್ಲಿ ಉಳಿದಿದೆ. ಮಂತ್ರಿಗಳು ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟರೆಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಬಾರದೆಂದು 74ನೆಯ ಅನುಚ್ಛೇದದ 2ನೆಯ ಖಂಡವು ಹೇಳುತ್ತದೆ. ಈ ಗುಪ್ತಿಯ ಮರೆಯಲ್ಲಿ ಮಂತ್ರವೇ ನಡೆಯದಿರುವ ಅಪಾಯವುಂಟು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿಯಾದಾಗ ಮಂತ್ರಿಮಂಡಲವು ಸೇರಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಒಪ್ಪಿಗೆಯನ್ನು ಪಡೆಯಲಾಯಿತು. ಆದ ಕಾರಣ 1978ರ 44ನೆಯ ತಿದ್ದುಪಡಿಯು, ಯುದ್ಧ, ಪರರಾಷ್ಟ್ರಗಳ ಆಕ್ರಮಣ ಅಥವಾ ಸಶಸ್ತ್ರ ದಂಗೆಯ ಕಾರಣದಿಂದ ಅಂಥ ಘೋಷಣೆಯನ್ನು ಹೊರಡಿಸಬೇಕಾದರೆ, ಪ್ರಧಾನಮಂತ್ರಿ ಮತ್ತು ಸಂಪುಟದರ್ಜೆಯ ಮಂತ್ರಿಗಳ ನಿರ್ಣಯವು ರಾಷ್ಟ್ರಪತಿಗೆ ಬರಹದಲ್ಲಿ ತಲುಪಿರಬೇಕೆಂದು 352ನೆಯ ಅನುಚ್ಛೇದದಲ್ಲಿ ಸೇರಿಸಿತು. ದೂರದ ಮಂತ್ರಿಯಿಂದ ಅರ್ಥಶಾಸ್ತ್ರವು ಬಯಸಿದ್ದ ಪತ್ರವನ್ನು ಈಗ ಎದುರಿಗೆ ಕುಳಿತವರಿಂದಲೇ ಕೇಳಬೇಕಾಗಿದೆ.